ಕೀಲುನೋವು: ಹೆಸರು ಒಂದು, ರೋಗ ಹಲವು



ತೋಟದಲ್ಲಿ ಒಂದು ಅಡಿಕೆ ಮರದ ಸೋಗೆ ಹಳದಿಯಾಯಿತೆಂದರೆ ನಾವು ಯಾರೂ ಕೂಡಲೇ ಔಷಧಿ ಸಿಂಪಡಿಸಲು ಹೊರಡುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರನ್ನು ಹುಳು ತಿಂದಿದೆಯೇ, ಗೊಬ್ಬರ ಸಾಲದಾಯಿತೇ, ಇಲ್ಲವೇ ನಿಜವಾದ ಹಳದಿ ಎಲೆ ರೋಗವೇ ಎಂದು ಮೊದಲು ನೋಡುತ್ತೇವೆ. ಕಾಫಿ ಗಿಡ ಬಾಡಿದರೂ ಅಷ್ಟೆ. ಕಾಂಡಕೊರಕವೋ ಬೇರು ಕೊಳೆಯೋ ಎಂದು ಕಾಂಡವನ್ನು ಸವರಿ, ಬುಡ ಬಿಡಿಸಿ ನೋಡುತ್ತೇವೆ. ಕಣ್ಣಿಗೆ ಕಾಣುವ ಲಕ್ಷಣ ಒಂದೇ ಆದರೂ ಅದರ ಕಾರಣ ಹಲವು ಇರಬಹುದೆಂದು ತೋಟ ನಮಗೆ ಕಲಿಸಿದೆ.

ಆದರೆ ನಮ್ಮದೇ ಮೊಣಕಾಲು ನೋಯ್ದಾಗ, ಮನೆಯವರ ಬೆರಳು ಊದಿಕೊಂಡಾಗ, ಕೆಲಸಗಾರರು ಸೊಂಟ ಹಿಡಿದು ಕೂತಾಗ ಈ ಪಾಠವನ್ನು ಮರೆಯುತ್ತೇವೆ. ‘ವಾಯು’ ಎನ್ನುತ್ತೇವೆ, ‘ಶೀತ’ ಎನ್ನುತ್ತೇವೆ, ‘ವಯಸ್ಸಾಯಿತಲ್ಲ’ ಎನ್ನುತ್ತೇವೆ. ಹೀಗೆ ಒಂದೇ ಹೆಸರಿಟ್ಟು ಒಂದೇ ಮದ್ದು ಮಾಡುವುದರಿಂದ ಆಗುವ ನಷ್ಟವೇನೆಂಬುದನ್ನು ಈ ಸಾಲಿನಲ್ಲಿ ನಾವು ಕಣ್ಣಾರೆ ಕಂಡೆವು. ಅದನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ಕೊಯ್ಲಿನಲ್ಲಿ ನಡೆದುದು

ಕಾಫಿ ಹಣ್ಣು ಕೊಯ್ಯಲು ಬಯಲುಸೀಮೆಯಿಂದ, ಉತ್ತರ ಕರ್ನಾಟಕದಿಂದ ಕುಟುಂಬಗಳು ನಮ್ಮ ಕಡೆಗೆ ಬಂದು ಹೋಗುವುದು ಹೊಸದಲ್ಲ. ಕಳೆದ ಕೊಯ್ಲಿಗೆ ಬೀದರ್ ಜಿಲ್ಲೆಯ ಕೊಡಂಬಲದಿಂದ ಒಂದು ತಂಡ ಬಂದಿತ್ತು. ಅದರಲ್ಲಿ ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳಿದ್ದಳು. ಮೊದಲ ವಾರ ಉಳಿದವರ ಸಮಕ್ಕೆ ಕೊಯ್ದಳು. ಮೂರನೆಯ ವಾರದ ಹೊತ್ತಿಗೆ ಅವಳ ಚೀಲ ಅರ್ಧಕ್ಕೆ ಇಳಿಯಿತು. ಬೆಳಿಗ್ಗೆ ಎಲ್ಲರೂ ತೋಟಕ್ಕೆ ಇಳಿದ ಮೇಲೂ ಅವಳು ಲೈನುಮನೆಯ ಮುಂದೆ ಬೆಂಕಿಗೆ ಕೈಯೊಡ್ಡಿ ಕೂತಿರುತ್ತಿದ್ದಳು. ಹತ್ತು ಗಂಟೆ ದಾಟಿದ ಮೇಲೆ ಕೆಲಸಕ್ಕೆ ಬರುತ್ತಿದ್ದಳು.

‘ಚಳಿಗೆ ಮೈಗಳ್ಳತನ’ ಎಂದು ನಮ್ಮಲ್ಲೇ ಒಬ್ಬರು ಅಂದರು. ಉಳಿದವರು ಅಲ್ಲವೆನ್ನಲಿಲ್ಲ. ಕೊಯ್ಲಿಗೆ ತೂಕದ ಲೆಕ್ಕದಲ್ಲಿ ಕೂಲಿ. ಹಣ್ಣು ಅರ್ಧವಾದರೆ ಕೂಲಿಯೂ ಅರ್ಧ. ಕೊಯ್ಲು ಮುಗಿಯುವ ಮೊದಲೇ ಗಂಡಹೆಂಡಿರು ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೊರಟರು. ಹೋಗುವಾಗ ಅವಳು ಎರಡೂ ಕೈ ಮುಂದೆ ಚಾಚಿ, “ಮುಂಜಾನಿ ಎದ್ದಾಗ ಮುಷ್ಟಿ ಹಿಡೀಲಿಕ್ಕಿ ಬರಲ್ಲರಿ ಸಾವ್ಕಾರ್ರ. ಚಿಕನ್‌ಗುನ್ಯಾ ಇನ್ನೂ ಮೈಯಾಗ ಕುಂತದ,” ಎಂದಳು. ಬೆರಳಿನ ಗೆಣ್ಣುಗಳು ಎರಡೂ ಕೈಯಲ್ಲಿ ಒಂದೇ ತೆರನಾಗಿ ಊದಿದ್ದವು. ಆಗಲೂ ನಾವು ಏನೂ ಮಾಡಲಿಲ್ಲ. ಇದು ನಮ್ಮ ತಪ್ಪು ಎಂದು ಇಲ್ಲಿ ಒಪ್ಪಿಕೊಳ್ಳಬೇಕು.

ಕೊಡಂಬಲದ ಕಟ್ಟೆಯ ಮೇಲೆ

ಭಾದ್ರಪದದಲ್ಲಿ ಈ ವರ್ಷದ ಕೊಯ್ಲಿಗೆ ಜನ ಗೊತ್ತುಮಾಡಿಕೊಳ್ಳಲು ನಮ್ಮ ಸಮಿತಿಯ ಇಬ್ಬರು ಕಲಬುರಗಿಯಲ್ಲಿ ಇಳಿದು ಹುಮನಾಬಾದಿನ ಮಾರ್ಗವಾಗಿ ಕೊಡಂಬಲಕ್ಕೆ ಹೋದೆವು. ಹೆಸರು, ಉದ್ದಿನ ರಾಶಿ ಮುಗಿದು ಹೊಲದಲ್ಲಿ ತೊಗರಿ ಎದೆಮಟ್ಟ ನಿಂತಿತ್ತು. ಊರ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಾಗ ಮಾತು ಆ ಹೆಣ್ಣುಮಗಳ ಕೈನೋವಿನ ಕಡೆಗೆ ಹೊರಳಿತು. ಆಗ ಕಟ್ಟೆಯ ಮೇಲಿದ್ದ ಒಬ್ಬೊಬ್ಬರೂ ತಮ್ಮ ತಮ್ಮ ನೋವು ಹೇಳತೊಡಗಿದರು.

ಅರವತ್ತು ದಾಟಿದ ಒಬ್ಬ ಹಿರಿಯರಿಗೆ ಎರಡೂ ಮೊಣಕಾಲು ನೋವು. ಕೂತರೆ ಏಳಲಾರರು, ಎದ್ದು ಮೆಟ್ಟಿಲು ಹತ್ತಿದರೆ ನೋವು ಹೆಚ್ಚು, ಮಲಗಿದರೆ ಕಡಿಮೆ. ಟ್ರ್ಯಾಕ್ಟರು ಹೊಡೆಯುವ ಇಪ್ಪತ್ತನಾಲ್ಕರ ಯುವಕನಿಗೆ ಬೆನ್ನು ಮತ್ತು ಪೃಷ್ಠದ ನೋವು. ರಾತ್ರಿ ಮೂರು, ನಾಲ್ಕು ಗಂಟೆಗೆ ಎಚ್ಚರವಾಗುತ್ತದೆ, ಎದ್ದು ಓಡಾಡಿದ ಮೇಲೆ ಸಡಿಲವಾಗುತ್ತದೆ. ಐವತ್ತರ ಒಬ್ಬರಿಗೆ ಒಂದು ರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಚೀರುವಂತಾಗಿತ್ತು. ವಾರದಲ್ಲಿ ತಾನಾಗಿಯೇ ಇಳಿಯಿತು. ಒಬ್ಬ ಹತ್ತು ವರ್ಷದ ಹುಡುಗನಿಗೆ ಗಂಟಲುನೋವು ಬಂದು ಹೋದ ಎರಡು, ಮೂರು ವಾರಕ್ಕೆ ಜ್ವರ ಬಂದು ಮೊದಲು ಮೊಣಕಾಲು, ಅದು ಇಳಿದ ಮೇಲೆ ಹಿಮ್ಮಡಿಯ ಗಂಟು, ಆಮೇಲೆ ಮೊಣಕೈ, ಹೀಗೆ ನೋವು ಮನೆ ಬದಲಾಯಿಸುತ್ತ ಹೋಗಿತ್ತು. ಆ ಹೆಣ್ಣುಮಗಳನ್ನೂ ಸೇರಿಸಿದರೆ ಐದು ಜನ. ಐವರ ನೋವಿಗೂ ಊರು ಕೊಟ್ಟ ಹೆಸರು ಒಂದೇ: ಚಿಕನ್‌ಗುನ್ಯಾ.

ಊರಿನವರನ್ನು ದೂರುವಂತಿಲ್ಲ. ೨೦೦೫ರ ಕೊನೆಯಿಂದ ೨೦೦೬ರವರೆಗೆ ಆ ಸೀಮೆ ಕಂಡದ್ದು ಸಾಮಾನ್ಯ ಜ್ವರವಲ್ಲ. ಮೂವತ್ತೆರಡು ವರ್ಷ ಮರೆಯಾಗಿದ್ದ ಚಿಕುನ್‌ಗುನ್ಯ ಆಗ ನಮ್ಮ ದೇಶಕ್ಕೆ ಮರಳಿತು. ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ ಜಿಲ್ಲೆಗಳು ಮೊದಲ ಹೊಡೆತ ತಿಂದವು. ೨೦೦೬ರಲ್ಲಿ ಕರ್ನಾಟಕವೊಂದರಲ್ಲೇ ಸುಮಾರು ಏಳೂವರೆ ಲಕ್ಷ ಶಂಕಿತ ರೋಗಿಗಳು ಲೆಕ್ಕಕ್ಕೆ ಸಿಕ್ಕರು. ದೇಶದ ಒಟ್ಟು ಲೆಕ್ಕದಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಊರಿಗೆ ಊರೇ ಬಾಗಿ ನಡೆದದ್ದನ್ನು ಕಂಡವರು ಆ ಹೆಸರನ್ನು ಮರೆಯುವುದಾದರೂ ಹೇಗೆ? ಆ ಹೆಸರಿನ ಅರ್ಥವೂ ಅದೇ. ಆಫ್ರಿಕದ ತಾಂಜಾನಿಯ ಸೀಮೆಯಲ್ಲಿ ೧೯೫೨-೫೩ರಲ್ಲಿ ಈ ರೋಗವನ್ನು ಗುರುತಿಸಿದಾಗ, ಅಲ್ಲಿಯ ಮಕೊಂಡೆ ಜನರ ಮಾತಿನಲ್ಲಿ ‘ಬಾಗಿಸುವಂಥದು’ ಎಂಬ ಅರ್ಥದ ಪದದಿಂದ ಅದಕ್ಕೆ ಈ ಹೆಸರು ಬಂತು.

ಊರಿಗೆ ಮರಳಿದ ಮೇಲೆ ಈ ಐವರ ವಿವರವನ್ನು ನಮಗೆ ಪರಿಚಯದ ವೈದ್ಯರೊಬ್ಬರ ಮುಂದಿಟ್ಟೆವು. “ಮುಟ್ಟಿ ನೋಡದೆ ನಾನು ರೋಗ ಹೇಳುವುದಿಲ್ಲ. ಆದರೆ ಈ ಐದೂ ಒಂದೇ ರೋಗವಲ್ಲ ಎಂದು ಮಾತ್ರ ಹೇಳಬಲ್ಲೆ. ಆ ಹುಡುಗನನ್ನು ನಾಳೆಯೇ ಆಸ್ಪತ್ರೆಗೆ ಕಳಿಸಲು ಹೇಳಿ,” ಎಂದರು ಅವರು. ಮುಂದಿನ ವಿವರಣೆ ಅವರಿಂದ ಕೇಳಿ ತಿಳಿದು, ಓದಿ ಖಚಿತಪಡಿಸಿಕೊಂಡದ್ದು.

ಸೊಳ್ಳೆ ತರುವ ಕೀಲುನೋವು

ಚಿಕುನ್‌ಗುನ್ಯದಲ್ಲಿ ಜ್ವರ ಥಟ್ಟನೆ ಏರುತ್ತದೆ. ಕೀಲುಗಳು ಅದರ ಜೊತೆಗೇ ಹಿಡಿದುಕೊಳ್ಳುತ್ತವೆ. ವಿಷಾಣು ರಕ್ತದಿಂದ ಸುಮಾರು ಒಂದು ವಾರದಲ್ಲಿ ಹೋಗುತ್ತದೆ. ಆದರೆ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಇನ್ನು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದುಂಟು. ಇದಕ್ಕೆಂದೇ ವಿಷಾಣು ಕೊಲ್ಲುವ ಮದ್ದಿಲ್ಲ. ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಇಷ್ಟೇ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ ಮೊದಲಾದ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವದ ಭಯವಿದೆ.

ನಮ್ಮ ಹೆಣ್ಣುಮಗಳಿಗೆ ೨೦೦೬ರಲ್ಲಿ ಜ್ವರ ಬಂದದ್ದು ನಿಜ. ಆಗ ಅವಳಿನ್ನೂ ಹುಡುಗಿ. ಎರಡು ತಿಂಗಳಲ್ಲಿ ಪೂರ್ತಿ ಗುಣವಾಗಿ ಹದಿನೈದು ವರ್ಷಕ್ಕೂ ಮೇಲೆ ಕಬ್ಬು ಕಡಿದಿದ್ದಾಳೆ, ಕಳೆ ತೆಗೆದಿದ್ದಾಳೆ. ಈಗಿನ ನೋವು ಶುರುವಾಗಿ ಎರಡೇ ವರ್ಷ. ನಡುವೆ ಅಷ್ಟು ವರ್ಷ ಸುಮ್ಮನಿದ್ದ ನೋವನ್ನು ಹಳೆಯ ಜ್ವರದ ತಲೆಗೆ ಕಟ್ಟುವುದು ಸರಿಯಲ್ಲ. ಹತ್ತು ವರ್ಷದ ಹುಡುಗನ ನೋವಿಗಂತೂ ೨೦೦೬ರ ಜ್ವರ ಕಾರಣವಾಗಲು ಸಾಧ್ಯವೇ ಇಲ್ಲ. ಅವನು ಹುಟ್ಟಿದ್ದೇ ಅದು ಕಳೆದು ಬಹುಕಾಲದ ಮೇಲೆ.

ಇಲ್ಲಿ ಅಡಿಕೆ ಬೆಳೆಗಾರರಿಗೆ ಸಂಬಂಧಿಸಿದ ಮಾತೊಂದಿದೆ. ಈ ರೋಗ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುವಂಥದು. ಅದರ ಒಂದು ಜಾತಿ ಊರೊಳಗಿನ ತೊಟ್ಟಿ, ಡ್ರಮ್ಮುಗಳಲ್ಲಿ ಬೆಳೆದರೆ ಇನ್ನೊಂದು ಜಾತಿಗೆ ತೋಟವೇ ಮನೆ. ೨೦೦೭ರಲ್ಲಿ ಕೇರಳದಲ್ಲೂ ೨೦೦೮ರಲ್ಲಿ ದಕ್ಷಿಣ ಕನ್ನಡದಲ್ಲೂ ಚಿಕುನ್‌ಗುನ್ಯ ಹರಡಿದಾಗ ಈ ತೋಟದ ಸೊಳ್ಳೆಯ ಪಾತ್ರ ದೊಡ್ಡದಿತ್ತು. ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿನ ಚಿಪ್ಪು, ತೆಂಗಿನ ಕರಟ, ಕೋಕೋ ಕಾಯಿಯ ಸಿಪ್ಪೆ ಇವುಗಳಲ್ಲಿ ನಿಂತ ಒಂದು ಬೊಗಸೆ ನೀರು ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ಆದುದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಳೆಗಳನ್ನು ಹೆಕ್ಕುವುದು, ಇಲ್ಲವೇ ಬೋರಲು ಹಾಕುವುದು ನಮ್ಮ ಕೀಲುಗಳ ರಕ್ಷಣೆಯ ಕೆಲಸವೂ ಹೌದು.

ಸವೆತದ ನೋವು

ಕಟ್ಟೆಯ ಹಿರಿಯರ ಮೊಣಕಾಲು ನೋವು ನಮ್ಮಲ್ಲಿ ಅನೇಕರಿಗೆ ಪರಿಚಿತ. ಮೂಳೆಯ ತುದಿಗಿರುವ ನುಣುಪಾದ ಮೆದುಮೂಳೆ ವರ್ಷಗಳ ಹೊರೆಗೆ ಸವೆಯುತ್ತದೆ, ಅಂಚಿನಲ್ಲಿ ಮೂಳೆ ಮೊಳಕೆಯೊಡೆಯುತ್ತದೆ. ಇದನ್ನು ಅಸ್ಥಿಸಂಧಿವಾತ ಎನ್ನುತ್ತಾರೆ. ದೇಹದ ತೂಕ, ಹಳೆಯ ಪೆಟ್ಟು, ಹೊರೆ ಹೊರುವುದು, ಬಹುಕಾಲ ಕುಕ್ಕರುಗಾಲಿನಲ್ಲಿ ಕೂರುವುದು ಇದನ್ನು ಹೆಚ್ಚಿಸುತ್ತವೆ. ಇದರ ಗುರುತು ಸುಲಭ: ಕೆಲಸ ಮಾಡಿದರೆ ನೋವು, ಕೂತರೆ ಆರಾಮ. ಬೆಳಗಿನ ಬಿಗಿತ ಇದ್ದರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಇದಕ್ಕೆ ಮೊದಲ ಮದ್ದು ಮಾತ್ರೆಯಲ್ಲ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಕೀಲಿಗೆ ಆಸರೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸುವ ವ್ಯಾಯಾಮ ಯಾರಾದರೂ ಮಾಡಬಹುದು. ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ನಮ್ಮಲ್ಲಿ ಹೆಚ್ಚಿನವರು ನೋವಿರುವ ಕಡೆಯೇ ಹಿಡಿಯುತ್ತೇವೆ. ಇವೆಲ್ಲ ಮೀರಿ ನಡೆಯಲಾರದಂತಾದಾಗ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಇದ್ದೇ ಇದೆ.

ಕಾವಲುಗಾರನೇ ಮನೆ ಮುರಿದಾಗ

ಆ ಹೆಣ್ಣುಮಗಳ ನೋವಿನ ನಡತೆ ಇದಕ್ಕೆ ತಲೆಕೆಳಗು. ವಿಶ್ರಾಂತಿಯ ನಂತರವೇ, ಅಂದರೆ ಬೆಳಿಗ್ಗೆಯೇ ನೋವು, ಬಿಗಿತ ಹೆಚ್ಚು. ಅದು ಸಡಿಲವಾಗಲು ಒಂದು ಗಂಟೆಗೂ ಮೇಲೆ ಬೇಕು. ಕೈಯ ಸಣ್ಣ ಕೀಲುಗಳು, ಎರಡೂ ಕಡೆ ಸಮನಾಗಿ. ಹತ್ತು ಗಂಟೆಯ ತನಕ ಅವಳು ಬೆಂಕಿಯ ಮುಂದೆ ಕೂತಿದ್ದುದರ ಅರ್ಥ ನಮಗೆ ಆಗ ತಿಳಿಯಿತು.

ನಮ್ಮ ಮೈಯಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಕಾವಲು ವ್ಯವಸ್ಥೆ ಒಂದಿದೆ. ಕೆಲವರಲ್ಲಿ ಈ ಕಾವಲು ದಾರಿತಪ್ಪಿ ಸ್ವಂತ ಮೈಯನ್ನೇ ಶತ್ರುವೆಂದು ಬಗೆಯುತ್ತದೆ. ಇಂಥವನ್ನು ಸ್ವಯಂ ಪ್ರತಿರಕ್ಷಾ ರೋಗಗಳೆಂದು ಕರೆಯುತ್ತಾರೆ. ದಾಳಿ ಕೀಲಿನ ಒಳಪೊರೆಯ ಮೇಲಾದರೆ ಅದು ರುಮಟಾಯ್ಡ್ ಸಂಧಿವಾತ. ಊದಿದ ಪೊರೆ ಕ್ರಮೇಣ ಮೆದುಮೂಳೆಯನ್ನೂ ಮೂಳೆಯನ್ನೂ ಕೊರೆಯುತ್ತದೆ, ಬೆರಳು ಸೊಟ್ಟಗಾಗುತ್ತದೆ. ಇದು ಮುದುಕರ ರೋಗವಲ್ಲ. ಹೆಚ್ಚಾಗಿ ಮೂವತ್ತರಿಂದ ಅರವತ್ತರ ನಡುವೆ ಆರಂಭವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು, ಮೂರು ಪಟ್ಟು ಹೆಚ್ಚು. ಬೀಡಿ, ಸಿಗರೇಟು ಇದರ ಅಪಾಯವನ್ನು ಹೆಚ್ಚಿಸುತ್ತವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಕಾಲ. ಕೀಲಿನ ಹಾನಿ ಮೊದಲ ಕೆಲವು ತಿಂಗಳುಗಳಲ್ಲೇ ಶುರುವಾಗುತ್ತದೆ, ಮತ್ತು ಒಮ್ಮೆ ಕೊರೆದ ಮೂಳೆ ಮರಳಿ ಬರುವುದಿಲ್ಲ. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಎಂಬ ಪರೀಕ್ಷೆಗಳಿವೆ. ಮೊದಲನೆಯದು ರೋಗವಿದ್ದೂ ಕೆಲವರಲ್ಲಿ ಕಾಣದಿರಬಹುದು, ರೋಗವಿಲ್ಲದ ಕೆಲವರಲ್ಲಿ ಕಾಣಲೂಬಹುದು. ಆದುದರಿಂದ ಲ್ಯಾಬಿನ ಚೀಟಿ ಒಂದನ್ನೇ ನಂಬದೆ ವೈದ್ಯರು ಕೈ ಮುಟ್ಟಿ ನೋಡುವುದು ಅಗತ್ಯ.

ಇದಕ್ಕೆ ಪರಿಣಾಮಕಾರಿ ಮದ್ದುಗಳಿವೆ. ಬಹುಮಟ್ಟಿಗೆ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಅಮೆರಿಕದಲ್ಲಿ ಈ ರೋಗಕ್ಕೆ ಇದು ೧೯೮೮ರಲ್ಲಿ ಅಂಗೀಕಾರ ಪಡೆಯಿತು. ಬೆಲೆಯೂ ಹೆಚ್ಚಲ್ಲ. ಇದು ವಾರಕ್ಕೆ ಒಂದೇ ದಿನ ನುಂಗುವ ಮದ್ದು. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ನಿಯಮಿತವಾಗಿ ರಕ್ತ ಪರೀಕ್ಷೆ ಬೇಕು, ಮದ್ಯ ಸಲ್ಲದು. ಬಸುರಿಯರೂ ಬಸುರಾಗಬೇಕೆಂದಿರುವವರೂ ಇದನ್ನು ತೆಗೆದುಕೊಳ್ಳಬಾರದು. ಗುಣ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಈ ಕಾಯುವಿಕೆಯಲ್ಲೇ ಅನೇಕರು ಸಹನೆ ಕಳೆದುಕೊಂಡು ಮದ್ದು ಬಿಟ್ಟುಬಿಡುತ್ತಾರೆ.

ಉಳಿದ ಮೂವರು

ಟ್ರ್ಯಾಕ್ಟರು ಹೊಡೆಯುವ ಯುವಕನ ಬೆನ್ನುನೋವನ್ನು ಸೀಟಿನ ಕುಲುಕಾಟಕ್ಕೆ ಹಚ್ಚುವುದು ಸುಲಭ. ಆದರೆ ನಲವತ್ತರೊಳಗೆ ಆರಂಭವಾಗಿ, ರಾತ್ರಿ ಎಬ್ಬಿಸಿ, ಓಡಾಡಿದರೆ ಇಳಿಯುವ ಬೆನ್ನುನೋವು ಬೆನ್ನೆಲುಬಿನ ಉರಿಯೂತದ ಗುರುತು. ಬಿಟ್ಟರೆ ಬೆನ್ನೆಲುಬು ಬಿದಿರಿನಂತೆ ಒಂದೇ ಕೋಲಾಗಬಹುದು. ಇದಕ್ಕೆ ವಿಶ್ರಾಂತಿಯಲ್ಲ, ವ್ಯಾಯಾಮವೇ ಮದ್ದಿನ ಅರ್ಧ ಭಾಗ.

ಹೆಬ್ಬೆರಳಿನ ನೋವು ಗೌಟ್ ಇರಬಹುದು. ರಕ್ತದ ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟಿ ಈ ಉರಿ ತರುತ್ತದೆ. ಮದ್ಯ, ಹೆಚ್ಚಿನ ಮಾಂಸ, ಮೂತ್ರಪಿಂಡದ ತೊಂದರೆ ಇದಕ್ಕೆ ಇಂಬು ಕೊಡುತ್ತವೆ. ತಾನಾಗಿ ಇಳಿಯಿತೆಂದು ಬಿಟ್ಟರೆ ಮತ್ತೆ ಮತ್ತೆ ಬರುತ್ತದೆ.

ಹುಡುಗನದು ಎಲ್ಲಕ್ಕಿಂತ ಗಂಭೀರ. ಗಂಟಲಿನ ಸೋಂಕಿನ ನಂತರ ಕೀಲಿನಿಂದ ಕೀಲಿಗೆ ಹಾರುವ ನೋವು ರುಮ್ಯಾಟಿಕ್ ಜ್ವರದ ಲಕ್ಷಣ. ಇಲ್ಲಿಯೂ ದಾರಿತಪ್ಪಿದ ಕಾವಲಿನದೇ ಕೆಲಸ. ಕೀಲು ಪೂರ್ತಿ ಗುಣವಾಗುತ್ತದೆ, ಆದರೆ ಹೃದಯದ ಕವಾಟ ಉಳಿದ ಜೀವಮಾನಕ್ಕೆ ಕೆಡಬಹುದು. ಮೂರು, ನಾಲ್ಕು ವಾರಕ್ಕೊಮ್ಮೆ ವರ್ಷಗಳ ಕಾಲ ಪೆನಿಸಿಲಿನ್ ಕೊಟ್ಟು ಇದು ಮರುಕಳಿಸದಂತೆ ತಡೆಯಬಹುದು. ವೈದ್ಯರು ‘ನಾಳೆಯೇ’ ಎಂದದ್ದು ಇದಕ್ಕಾಗಿ.

ಹಂದಿಗೋಡಿನ ಪಾಠ

ಹೆಸರು ತಪ್ಪಿದರೆ ಏನಾಗುತ್ತದೆಂಬುದಕ್ಕೆ ದೂರದ ಬೀದರಿಗೆ ಹೋಗಬೇಕಾಗಿಲ್ಲ. ಅಡಿಕೆಯ ನಾಡಾದ ನಮ್ಮ ಸಾಗರ ತಾಲ್ಲೂಕಿನಲ್ಲೇ ಉದಾಹರಣೆಯಿದೆ. ೧೯೭೪-೭೫ರ ಹೊತ್ತಿಗೆ ಹಂದಿಗೋಡು ಎಂಬ ಊರಿನಲ್ಲಿ ಕೂಲಿ ಮಾಡಿ ಬದುಕುವ ದಲಿತ ಕುಟುಂಬಗಳಲ್ಲಿ ಒಬ್ಬರಾದ ಮೇಲೊಬ್ಬರು ಸೊಂಟದ ಕೀಲು, ಮೊಣಕಾಲು ಹಿಡಿದು ನಡೆಯಲಾರದಂತಾದರು. ಕೆಲವರು ತೆವಳುವ ಸ್ಥಿತಿಗೆ ಬಂದರು. ಕೆಲವು ಮಕ್ಕಳ ಬೆಳವಣಿಗೆ ಕುಂಠಿತವಾಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇನ್ನಷ್ಟು ಊರುಗಳಲ್ಲೂ ಇಂಥವರು ಕಂಡುಬಂದರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ಪರೀಕ್ಷಿಸಿ, ೧೯೭೭-೭೮ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಈ ಬಡವರ ಹೊಟ್ಟೆ ಸೇರಿತೇ ಎಂಬ ಶಂಕೆ ಆಗ ಬಲವಾಗಿತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದ ಅಧ್ಯಯನಗಳು, ಕುಟುಂಬಗಳ ವಂಶಾವಳಿಯನ್ನೂ ಎಕ್ಸ್‌ರೇಗಳನ್ನೂ ನೋಡಿ, ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ ಆನುವಂಶಿಕ ದೋಷವೆಂಬ ತೀರ್ಮಾನಕ್ಕೆ ಬಂದವು. ೧೯೯೪ರಲ್ಲಿ ಪ್ರಕಟವಾದ ಎಕ್ಸ್‌ರೇ ಅಧ್ಯಯನ ಇದನ್ನು ಹೊಸದೊಂದು ಪ್ರಭೇದವೆಂದೇ ವಿವರಿಸಿತು. ತಂದೆತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು. ಇದು ಸ್ವಯಂ ಪ್ರತಿರಕ್ಷಾ ರೋಗವಲ್ಲ, ಸವೆತವಷ್ಟೇ ಅಲ್ಲ, ಅಂಟುರೋಗವಂತೂ ಅಲ್ಲವೇ ಅಲ್ಲ. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬಲ್ಲಿಯೂ ಇದನ್ನು ಹೋಲುವ ಕೀಲುರೋಗವನ್ನು ವಿಜ್ಞಾನಿಗಳು ವಿವರಿಸಿದ್ದಾರೆ.

ಕಾರಣ ತಿಳಿಯುವವರೆಗೆ ಆ ಕುಟುಂಬಗಳು ನೋವಿನ ಜೊತೆಗೆ ಜನರ ಅನುಮಾನವನ್ನೂ ಹೊರಬೇಕಾಯಿತು. ತಿಂದದ್ದರ ಫಲವೆಂದು ಯಾರನ್ನೂ ದೂರಬೇಕಾಗಿಲ್ಲ, ಪಕ್ಕದಲ್ಲಿ ಕೂತರೆ ಬರುವುದಿಲ್ಲ ಎಂದು ಹೇಳಲು ಪರೀಕ್ಷೆ ಬೇಕಾಯಿತು. ರೋಗಕ್ಕೆ ಸರಿಯಾದ ಹೆಸರು ಸಿಕ್ಕರೆ ಗುಣವಾಗದಿದ್ದರೂ ಮನುಷ್ಯನ ಮರ್ಯಾದೆ ಉಳಿಯುತ್ತದೆ.

ಸಂತೆಯ ಪುಡಿ, ಸೂಜಿಯ ಸುಖ

ಕೊಡಂಬಲದಿಂದ ಬಂದ ಹೆಣ್ಣುಮಗಳು ಎರಡು ವರ್ಷ ಸುಮ್ಮನೇನೂ ಇರಲಿಲ್ಲ. ಸಂತೆಯಲ್ಲಿ ಕಾಗದದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ ತಿಂದಿದ್ದಳು. “ತಿಂದ ದಿನ ಹೂವಿನಂಗ ಆಗ್ತಿತ್ತರಿ. ಬಿಟ್ಟರ ಮತ್ತ ಮೊದಲಿನಕಿಂತ ಹೆಚ್ಚು,” ಎಂದಳು. ನಮ್ಮ ಕಡೆಯೂ ಇಂಥ ಪುಡಿ, ಗುಳಿಗೆ, ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಸೂಜಿಗೆ ಕೊರತೆಯಿಲ್ಲ.

ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಎಷ್ಟೋ ಸಲ ಪರೀಕ್ಷೆಯಲ್ಲಿ ಕಂಡುಬಂದಿದೆ. ಸ್ಟೀರಾಯ್ಡ್ ಕೆಟ್ಟ ಮದ್ದಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ರುಮಟಾಯ್ಡ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬಾಕೆಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ೧೯೫೦ರಲ್ಲಿ ಹೆಂಚ್ ಮತ್ತಿಬ್ಬರಿಗೆ ಇದಕ್ಕಾಗಿ ನೊಬೆಲ್ ಪಾರಿತೋಷಕ ಬಂತು. ಆದರೆ ಬಹುಕಾಲ ಕೊಟ್ಟಾಗ ಮುಖ ಊದುವುದು, ಮೂಳೆ ಟೊಳ್ಳಾಗುವುದು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸೊಂಟದ ಕೀಲಿನ ಮೂಳೆ ಸಾಯುವುದು ಇವೆಲ್ಲ ಬೆನ್ನಿಗೇ ಕಂಡವು. ಇಂದು ವೈದ್ಯರು ಇದನ್ನು ಅಳತೆ ಮಾಡಿ, ಆದಷ್ಟು ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲ ಕೊಡುತ್ತಾರೆ. ಪುಡಿ ಮಾರುವವನಲ್ಲಿ ಅಳತೆಯಿಲ್ಲ. ನೋವು ಮುಚ್ಚುತ್ತದೆ, ಒಳಗೆ ಮೂಳೆ ಕೊರೆಯುವುದು ನಿಲ್ಲುವುದಿಲ್ಲ. ಬಹುಕಾಲ ತಿಂದವರು ಒಮ್ಮೆಗೇ ಬಿಟ್ಟರೂ ಅಪಾಯ. ಆದುದರಿಂದ ಆ ಪುಡಿಯ ಪೊಟ್ಟಣವನ್ನೇ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಇಳಿಸುತ್ತ ಬಿಡಬೇಕು.

ಮನೆಯಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ವೈದ್ಯರಲ್ಲಿಗೆ ಹೋಗುವ ಮೊದಲು ಈ ನಾಲ್ಕಕ್ಕೆ ಉತ್ತರ ಸಿದ್ಧವಿದ್ದರೆ ಅರ್ಧ ಕೆಲಸ ಆದಂತೆ.

೧. ನೋವು ಕೆಲಸದಿಂದ ಹೆಚ್ಚುವುದೋ, ವಿಶ್ರಾಂತಿಯಿಂದ ಹೆಚ್ಚುವುದೋ?

೨. ಬೆಳಗಿನ ಬಿಗಿತ ಎಷ್ಟು ಹೊತ್ತು? ಅರ್ಧ ಗಂಟೆಯೊಳಗೋ, ಒಂದು ಗಂಟೆಗೂ ಮೇಲೋ?

೩. ಎಷ್ಟು ಕೀಲು, ಯಾವ ಕೀಲು, ಎರಡೂ ಕಡೆ ಸಮನಾಗಿದೆಯೇ? ಕೀಲು ಬರೀ ನೋಯುತ್ತದೆಯೋ, ಊದಿಯೂ ಇದೆಯೋ?

೪. ಜೊತೆಗೆ ಬೇರೇನಿದೆ? ಜ್ವರ, ಚರ್ಮದಲ್ಲಿ ಪೊರೆಪೊರೆ ಏಳುವ ಕಲೆ, ಬಿಸಿಲಿಗೆ ಕೆನ್ನೆಯ ಮೇಲೆ ಏಳುವ ಕೆಂಪು, ಬಾಯಿಹುಣ್ಣು, ಕಣ್ಣುರಿ? ಮನೆತನದಲ್ಲಿ ಇನ್ನಾರಿಗಾದರೂ ಇತ್ತೇ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಚರ್ಮದ ಸೋರಿಯಾಸಿಸ್ ಕೀಲಿಗೂ ಇಳಿಯಬಹುದು. ಕೆನ್ನೆಯ ಕೆಂಪು, ಬಾಯಿಹುಣ್ಣು ಲೂಪಸ್ ಎಂಬ ಇನ್ನೊಂದು ಸ್ವಯಂ ಪ್ರತಿರಕ್ಷಾ ರೋಗದ ಸುಳಿವಾಗಬಹುದು. ಅದು ಹೆಚ್ಚಾಗಿ ಹರೆಯದ ಹೆಂಗಸರಿಗೆ ಬರುತ್ತದೆ, ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಒಂದೇ ಕೀಲು ಥಟ್ಟನೆ ಊದಿ ಬಿಸಿಯಾಗಿ ಜ್ವರವೂ ಇದ್ದರೆ ಕೀಲಿನೊಳಗೆ ಕೀವು ಆಗಿರಬಹುದು. ಅಂದೇ ಆಸ್ಪತ್ರೆ ಸೇರಬೇಕು. ಎರಡು ಕೀಲಿಗೂ ಮೇಲೆ ಊದಿ ಆರು ವಾರ ಕಳೆದಿದ್ದರೆ ಇನ್ನು ಕಾಯಬಾರದು.

ನಾವು ಮಾಡಬೇಕಾದದ್ದು

ಕೊಡಂಬಲದ ಹುಡುಗನನ್ನು ಮನೆಯವರು ಬೀದರಿನ ಆಸ್ಪತ್ರೆಗೆ ಕರೆದೊಯ್ದರು. ಅವನಿಗೆ ಈಗ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ನಡೆದಿದೆ. ಹೆಣ್ಣುಮಗಳದು ರುಮಟಾಯ್ಡ್ ಸಂಧಿವಾತವೆಂದೇ ತಿಳಿಯಿತು. ವಾರದ ಮಾತ್ರೆ ಶುರುವಾಗಿ ಮೂರು ತಿಂಗಳು ಕಳೆದಿವೆ. ಬಲಗೈಯ ಎರಡು ಬೆರಳು ಆಗಲೇ ತುಸು ಸೊಟ್ಟಗಾಗಿವೆ, ಅವು ನೇರವಾಗುವುದಿಲ್ಲವಂತೆ. ಕಳೆದ ಕೊಯ್ಲಿನಲ್ಲಿ ಆ ಕೈಯನ್ನು ನಾವು ನೋಡಿ ಆಸ್ಪತ್ರೆಯ ದಾರಿ ತೋರಿದ್ದರೆ ಹತ್ತು ತಿಂಗಳು ಉಳಿಯುತ್ತಿತ್ತು.

ಆದುದರಿಂದ ಈ ಸಾಲಿನಿಂದ ನಮ್ಮ ತೋಟಗಳಲ್ಲಿ ಕೆಲವು ಕ್ರಮಗಳನ್ನು ಪಾಲಿಸಲು ಸಮಿತಿ ಕೋರುತ್ತದೆ. ಬೆಳಗಿನ ಬಿಗಿತ ಹೇಳುವ ಕೆಲಸಗಾರರನ್ನು ಮೈಗಳ್ಳರೆನ್ನದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕಳಿಸುವುದು; ಅಂದಿನ ಕೂಲಿ ಕಡಿಯದಿರುವುದು. ಕೈನೋವಿನವರಿಗೆ ತೂಕದ ಕೊಯ್ಲಿನ ಬದಲು ದಿನಗೂಲಿಯ ಹಗುರ ಕೆಲಸ ಕೊಡುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಳೆ ಹೆಕ್ಕಿಸುವುದು. ಸದಸ್ಯರು ತಮ್ಮ ಮತ್ತು ಮನೆಯವರ ಕೀಲುನೋವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳದೆ ಒಮ್ಮೆ ತೋರಿಸುವುದು. ಸಹಕಾರಿ ಸದಸ್ಯರಿಗೆಂದು ೨೦೦೩ರಲ್ಲಿ ಆರಂಭವಾಗಿ, ೨೦೧೮ರಲ್ಲಿ ನಿಂತು, ೨೦೨೨-೨೩ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಯಾವ ಚಿಕಿತ್ಸೆಗೆ ನೆರವಿದೆಯೆಂದು ಸಂಘದ ಕಚೇರಿಯಲ್ಲಿ ವಿಚಾರಿಸಿಕೊಳ್ಳಬಹುದು.

ಆ ಹೆಣ್ಣುಮಗಳು ಈ ಕೊಯ್ಲಿಗೆ ಬಂದಿದ್ದಾಳೆ. ಗಿಡದಿಂದ ಹಣ್ಣು ಬಿಡಿಸುವ ಕೆಲಸಕ್ಕೆ ಅಲ್ಲ. ಕಣದಲ್ಲಿ ಕಾಫಿ ಹರವಿ ಆರಿಸುವ ಕೆಲಸಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾಳೆ. ಮೊನ್ನೆ ಕಣದ ಬದಿಗೆ ಹೋದಾಗ ಕೈ ಹೇಗಿದೆಯೆಂದು ಕೇಳಿದೆವು. ಬಲಗೈ ಎತ್ತಿ ಮುಷ್ಟಿ ಹಿಡಿದು ತೋರಿಸಿದಳು. ಎರಡು ಬೆರಳು ಪೂರ್ತಿ ಮಡಚಲಿಲ್ಲ, ಉಳಿದವು ಮಡಚಿದವು.